ಸೊಮಾಲಿ ಸುಲ್ತಾನರು ಇಟಲಿಯನ್ನು ತಾವೇ ಕರೆಸಿಕೊಂಡರಾ?

ಮಜೇರ್ತೀನ್ ಮತ್ತು ಹೋಬ್ಯೊ ಸುಲ್ತಾನರು ಒಂದೇ ಕುಲದವರು, ಆದರೂ ಯಾಕೆ ಕಿತ್ತಾಡಿದರು, ಇಟಲಿಯನ್ನು ಒಳಗೆ ಬಿಟ್ಟುಕೊಂಡಿದ್ದು ಅವರೇನಾ ಅಂತ ಕೇಳಿದ್ದೀರಿ. ಒಪ್ಪಂದಕ್ಕೆ ಸಹಿ ಹಾಕಿದ್ದು ಅವರೇ, ನಿಜ. ಆದರೆ ಅವರು ನಾಡು ಮಾರಿದರು ಅಂದರೆ ನಾನು ಒಪ್ಪಲ್ಲ.

ಜಗಳ ಗದ್ದುಗೆಯದ್ದು. ಸೊಮಾಲಿಯಾದ ಈಶಾನ್ಯ ಮೂಲೆಯ ಮಜೇರ್ತೀನ್ ರಾಜ್ಯವನ್ನು ಬೊಕೋರ್ ಉಸ್ಮಾನ್ ಮಹಮೂದ್ ಆಳುತ್ತಿದ್ದ. ಬೊಕೋರ್ ಅಂದರೆ ಅಲ್ಲಿ ರಾಜ. ಅವನ ಬಂಧು ಯೂಸುಫ್ ಅಲಿ ಕೆನಾದೀದ್‌ಗೂ ಆ ಗದ್ದುಗೆಯ ಮೇಲೆ ಕಣ್ಣಿತ್ತು. ಪ್ರಯತ್ನ ಮಾಡಿ ಸೋತ, ಯೆಮೆನ್‌ಗೆ ಹೋಗಬೇಕಾಯಿತು. 1870ರ ದಶಕದಲ್ಲಿ ಯೆಮೆನ್‌ನ ಹದ್ರಮೌತ್ ಪ್ರಾಂತ್ಯದ ಬಂದೂಕುಧಾರಿಗಳನ್ನು ಕಟ್ಟಿಕೊಂಡು ವಾಪಸ್ ಬಂದ. ಹಳೇ ಗದ್ದುಗೆ ಸಿಗಲಿಲ್ಲ. ದಕ್ಷಿಣಕ್ಕೆ ಸರಿದು, ಅಲ್ಲಿನ ಕುಲಗಳನ್ನು ಸೋಲಿಸಿ, 1878ರಲ್ಲಿ ಹೋಬ್ಯೊದಲ್ಲಿ ತನ್ನದೇ ರಾಜ್ಯ ಕಟ್ಟಿದ.

ಬೊಕೋರನ ಲೆಕ್ಕಾಚಾರ ಅರ್ಥವಾಗಬೇಕಾದರೆ ಅವನ ಕರಾವಳಿ ನೋಡಬೇಕು. ಆಫ್ರಿಕಾದ ಕೊಂಬಿನ ತುದಿಯಲ್ಲಿ ಗ್ವಾರ್ಡಫುಯಿ ಭೂಶಿರ ಇದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಅಲ್ಲಿ ಹಡಗುಗಳ ಓಡಾಟ ಜಾಸ್ತಿಯಾಯಿತು. ನಮಗೆ ಮಳೆ ತರುತ್ತದಲ್ವಾ, ಅದೇ ಮುಂಗಾರು ಗಾಳಿ ಅಲ್ಲಿ ಕಡಲನ್ನು ಕಲಕುತ್ತದೆ, ದಡ ಮಬ್ಬಾಗುತ್ತದೆ. ದಕ್ಷಿಣದಿಂದ ಬರುವವರಿಗೆ ಮೊದಲು ಇನ್ನೊಂದು ಗುಡ್ಡ ಕಾಣುತ್ತದೆ. ಭೂಶಿರ ಬಂತು ಅಂದುಕೊಂಡು ಪಶ್ಚಿಮಕ್ಕೆ ತಿರುಗಿಸಿದರೆ ಮುಗೀತು, ಹಡಗು ಸೀದಾ ನೆಲಕ್ಕೆ ಬಡಿಯುತ್ತದೆ. ಒಡೆದ ಹಡಗಿನ ಸರಕು ದಡದವರ ಪಾಲು. ಬದುಕುಳಿದ ನಾವಿಕರನ್ನು ಕಾಪಾಡಲಿ ಅಂತ ಬ್ರಿಟಿಷರು ಬೊಕೋರನಿಗೆ ವರ್ಷವರ್ಷ ಹಣ ಕೊಡಲು ಒಪ್ಪಿದರು. ಅಂದರೆ ಬಿಳಿಯರ ಜೊತೆ ಒಪ್ಪಂದ ಮಾಡಿಕೊಂಡೂ ಅಧಿಕಾರ ಉಳಿಸಿಕೊಳ್ಳಬಹುದು ಅನ್ನುವುದನ್ನು ಅವನು ಅನುಭವದಿಂದಲೇ ಕಂಡಿದ್ದ.

ಇಟಲಿಯ ಕಡೆ ಮೊದಲು ಹೋದವನು ಕೆನಾದೀದ್, 1888ರ ಕೊನೆಯಲ್ಲಿ. ಅವನಿಗೆ ಬೊಕೋರನ ವಿರುದ್ಧ ಬಲ ಬೇಕಿತ್ತು. ವಾರ್‌ಶೇಖ್ ಅನ್ನುವ ಕರಾವಳಿ ಊರಿನ ಉತ್ತರದ ಜಾಗದ ವಿಷಯದಲ್ಲಿ ಜಂಜಿಬಾರ್ ಸುಲ್ತಾನನ ಜೊತೆಗೂ ತಕರಾರಿತ್ತು. ಎದುರಾಳಿಗೆ ಇಟಲಿಯ ಬೆಂಬಲ ಸಿಕ್ಕ ಮೇಲೆ ಬೊಕೋರ್ ಸುಮ್ನೆ ಕೂರುತ್ತಾನಾ? ಕೆಲವೇ ತಿಂಗಳಲ್ಲಿ, 1889ರ ಏಪ್ರಿಲ್‌ನಲ್ಲಿ, ಅವನೂ ಇಟಲಿಯ ರಕ್ಷಣೆ ಒಪ್ಪಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದ. ಇಬ್ಬರಿಗೂ ಆಯುಧ, ವಾರ್ಷಿಕ ಹಣ. ಒಳಗಿನ ಆಡಳಿತಕ್ಕೆ ಇಟಲಿ ಕೈ ಹಾಕುವಂತಿಲ್ಲ. ಆ ಹೊತ್ತಿಗೆ ಅದು ದಡ್ಡತನದ ವ್ಯವಹಾರ ಅಂತ ನನಗನಿಸುವುದಿಲ್ಲ.

ಪೆಟ್ಟು ಮೊದಲು ಬಿದ್ದಿದ್ದೂ ಕೆನಾದೀದ್‌ಗೇ. ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಸೊಮಾಲಿ ಧಾರ್ಮಿಕ ನಾಯಕ ಸಯ್ಯದ್ ಮೊಹಮ್ಮದ್ ಅಬ್ದುಲ್ಲಾ ಹಸನ್ ವಿರುದ್ಧ ಹೋಗುವ ಬ್ರಿಟಿಷ್ ಪಡೆ ಹೋಬ್ಯೊದಲ್ಲಿ ಇಳಿಯುವ ಮಾತು ಬಂತು. ಅವನು ಒಪ್ಪಲಿಲ್ಲ. ಕಾಪಾಡುತ್ತೇವೆ ಅಂದಿದ್ದ ಇಟಲಿಯೇ 1903ರಲ್ಲಿ ಅವನನ್ನೂ ಮಗ ಅಲಿ ಯೂಸುಫ್‌ನನ್ನೂ ಹಿಡಿದು ಏಡನ್‌ಗೆ, ಅಲ್ಲಿಂದ ಎರಿಟ್ರಿಯಾಗೆ ಸಾಗಿಸಿತು. ಇದನ್ನು ಓದುವಾಗ ನನಗೆ ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ಆಮೇಲೆ ವಾಪಸ್ ಬಂದು ಹೋಬ್ಯೊ ಆಳಿದ್ದು ಅಲಿ ಯೂಸುಫ್. 1923ರಲ್ಲಿ ಇಟಲಿಯ ಫ್ಯಾಸಿಸ್ಟ್ ಗವರ್ನರ್ ದೆ ವೆಕ್ಕಿ ಬಂದ. ಅವನಿಗೆ ಹಳೇ ಒಪ್ಪಂದಗಳು ಬೇಕಿರಲಿಲ್ಲ. 1925ರಲ್ಲಿ ಹೋಬ್ಯೊ ಇಟಲಿಯ ಕೈಗೆ ಹೋಯಿತು, ಅಲಿ ಯೂಸುಫ್‌ನನ್ನು ಮೊಗದಿಶುಗೆ ಕರೆದೊಯ್ದರು. ಬೊಕೋರನ ಮಗ ಹೆರ್ಸಿ ಇನ್ನೆರಡು ವರ್ಷ ಕಾದಾಡಿ ಇಥಿಯೋಪಿಯಾಗೆ ದಾಟಿದ. 1927ರಲ್ಲಿ ಮುದಿ ಬೊಕೋರ್ ಶರಣಾದ. ಅವನನ್ನೂ ಮೊಗದಿಶುಗೇ ತಂದಿಟ್ಟರು.