ಸಾಫ್ಟ್‌ವೇರ್ ಬಂತು, ಡಬಲ್ ಬುಕಿಂಗ್ ಹೋಗಲಿಲ್ಲ

ಪ್ರಶ್ನೆ: ಹೊಸಪೇಟೆಯಲ್ಲಿ ನಮ್ಮದು 20 ರೂಮಿನ ಲಾಡ್ಜ್. ಹಂಪಿ ನೋಡಲು ಬರುವವರೇ ಜಾಸ್ತಿ. ಕಳೆದ ವರ್ಷ ಹೋಟೆಲ್ ಸಾಫ್ಟ್‌ವೇರ್ ಹಾಕಿಸಿದೆವು. ಆದರೂ ಸೀಸನ್‌ನಲ್ಲಿ ಒಂದೇ ರೂಮು ಇಬ್ಬರಿಗೆ ಬುಕ್ ಆಗುತ್ತಿದೆ, ಲಾಭವೂ ಏರಿಲ್ಲ. ಇನ್ನೂ ದುಬಾರಿಯದು ತರೋಣ ಎನ್ನುತ್ತಾನೆ ಮಗ. ತರಬಹುದೇ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಸದ್ಯಕ್ಕೆ ಬೇಡ. ಮೊದಲು ನಿಮ್ಮ ಕೌಂಟರ್ ನೋಡಿ. ಕಂಪ್ಯೂಟರ್ ಪಕ್ಕದಲ್ಲಿ ಹಳೆಯ ಬುಕಿಂಗ್ ಪುಸ್ತಕ ಇನ್ನೂ ಇದೆ, ಅಲ್ವಾ? ಫೋನಿನಲ್ಲಿ ಬಂದ ಬುಕಿಂಗ್ ಅದರಲ್ಲಿ ಬರೆದು, ಪುರುಸೊತ್ತಾದಾಗ ಕಂಪ್ಯೂಟರಿಗೆ ಹಾಕುತ್ತಿರಬೇಕು. ಎಡವಟ್ಟಾಗುವುದು ಅಲ್ಲೇ.

ನಾನು ಮೈಸೂರಿನ ಹೋಟೆಲೊಂದರಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತಿದ್ದಾಗ ದಸರಾ ಬಂತೆಂದರೆ ಇದೇ ಗೋಳು. ಪುಸ್ತಕದಲ್ಲಿ ಬರೆದ ರೂಮು ಆನ್‌ಲೈನ್ ಸೈಟುಗಳಲ್ಲಿ ಖಾಲಿ ಎಂದೇ ತೋರಿಸುತ್ತಿತ್ತು. ಬೆಂಗಳೂರಿನಲ್ಲಿ ಕೂತು ಯಾರೋ ದುಡ್ಡು ಕಟ್ಟಿಬಿಡುತ್ತಿದ್ದರು. ರಾತ್ರಿ ಮಕ್ಕಳು, ಲಗೇಜು ಸಮೇತ ಬಂದವರಿಗೆ ರೂಮಿಲ್ಲ ಎನ್ನುವುದು ಎಷ್ಟು ಕಷ್ಟ ಅನ್ನುವುದು ನಿಮಗೂ ಗೊತ್ತು. ಕೊನೆಗೆ ಮಾಲೀಕರು ಪುಸ್ತಕವನ್ನೇ ಎತ್ತಿಡಿಸಿದರು. ಫೋನ್ ಇಡುವ ಮೊದಲೇ ಎಂಟ್ರಿ ಆಗಬೇಕು ಎಂದರು. ಸಾಫ್ಟ್‌ವೇರ್ ಅದೇ, ಹುಡುಗರೂ ಅವರೇ. ಆ ಜಗಳ ಬಹುಮಟ್ಟಿಗೆ ನಿಂತಿತು.

ನಿಮ್ಮ ಸಾಫ್ಟ್‌ವೇರನ್ನು ಬುಕಿಂಗ್ ಸೈಟುಗಳಿಗೆ ಜೋಡಿಸುವ ಚಾನೆಲ್ ಮ್ಯಾನೇಜರ್ ಎಂಬ ವ್ಯವಸ್ಥೆ ಇದ್ದರೆ ಎಂಟ್ರಿ ಆದ ಕೂಡಲೇ ಎಲ್ಲ ಸೈಟುಗಳಲ್ಲೂ ಆ ರೂಮು ಕಡಿಮೆಯಾಗುತ್ತದೆ. ನಿಮ್ಮಲ್ಲಿ ಅದು ಜೋಡಣೆಯಾಗಿದೆಯೇ ಎಂದು ಸಾಫ್ಟ್‌ವೇರಿನವರನ್ನು ಕೇಳಿ. ಇಲ್ಲದಿದ್ದರೆ ಅದಕ್ಕೆ ಖರ್ಚು ಮಾಡಿ, ಅದು ನಿಜಕ್ಕೂ ಬೇಕು. ರಾತ್ರಿ ಪಾಳಿಯ ಹುಡುಗನಿಗೂ ಎಂಟ್ರಿ, ಕ್ಯಾನ್ಸಲೇಷನ್ ಎರಡೂ ಬರಬೇಕು. ಅನೇಕ ಲಾಡ್ಜ್‌ಗಳಲ್ಲಿ ಇದೆಲ್ಲ ಒಬ್ಬ ಮ್ಯಾನೇಜರಿಗೆ ಮಾತ್ರ ಗೊತ್ತಿರುತ್ತದೆ. ಅವರು ರಜೆ ಹಾಕಿದ ದಿನ ಮತ್ತೆ ಪುಸ್ತಕವೇ ಗತಿ.

ಇನ್ನು ಲಾಭದ ಮಾತು. ರೂಮು ತುಂಬಿದರೆ ಸಾಕು ಎಂದುಕೊಳ್ಳಬೇಡಿ. 12 ರೂಮು 2,000 ರೂಪಾಯಿಯಂತೆ ಹೋದರೆ 24,000 ಬರುತ್ತದೆ. 20 ರೂಮಿಗೆ ಹಂಚಿದರೆ ತಲಾ 1,200. ರಿಯಾಯಿತಿ ಕೊಟ್ಟು 16 ರೂಮನ್ನು 1,400ರಂತೆ ಕೊಟ್ಟರೆ ಬರುವುದು 22,400, ತಲಾ 1,120. ಲಾಡ್ಜ್ ತುಂಬಿದಂತೆ ಕಂಡರೂ ದುಡ್ಡು ಕಡಿಮೆ. ಮೇಲಿಂದ ನಾಲ್ಕು ರೂಮಿನ ಬೆಡ್‌ಶೀಟ್ ಒಗೆಸಬೇಕು, ಸೈಟಿನವರ ಕಮಿಷನ್ ಬೇರೆ. ಹೋಟೆಲಿನವರು ರೆವ್‌ಪಾರ್ ಎನ್ನುವುದು ಈ ತಲಾ ಲೆಕ್ಕಕ್ಕೇ. ಸಾಮಾನ್ಯವಾಗಿ ಹೋಟೆಲ್ ಸಾಫ್ಟ್‌ವೇರಿನ ರಿಪೋರ್ಟಿನಲ್ಲಿ ಇದು ಇರುತ್ತದೆ. ದಿನಾ ಬೆಳಿಗ್ಗೆ ನೀವೇ ತೆಗೆದು ನೋಡಿ. ಯಾವ ವಾರ ದರ ಇಳಿಸಬೇಕು, ಹಂಪಿ ಉತ್ಸವದ ಹೊತ್ತಿಗೆ ಎಷ್ಟು ಏರಿಸಬಹುದು ಎನ್ನುವುದು ಆಮೇಲೆ ತಾನಾಗಿ ಹೊಳೆಯುತ್ತದೆ.

ಚೆಕ್ ಔಟ್ ಆದ ರೂಮು ಮತ್ತೆ ರೆಡಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದೂ ಗಮನಿಸಿ. ರೂಮ್ ಬಾಯ್ ಕ್ಲೀನ್ ಮಾಡಿದ ತಕ್ಷಣ ಮೊಬೈಲಿನಲ್ಲೇ ಒತ್ತುವಂತಿದ್ದರೆ ರಿಸೆಪ್ಷನ್‌ಗೆ ಗೊತ್ತಾಗುತ್ತದೆ. ಗಿರಾಕಿ ಸುಮ್ನೆ ಸೋಫಾದಲ್ಲಿ ಕಾಯುವುದು ತಪ್ಪುತ್ತದೆ.

ಮಗನಿಗೆ ಇನ್ನೊಂದು ವಿಷಯ ಹೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ನೀವು ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವಂತಿಲ್ಲ. ಹಾಗಾಗಿ ಸಾಫ್ಟ್‌ವೇರ್ ಬಿಲ್ಲಿನ ಜಿಎಸ್‌ಟಿ ಪೂರ್ತಿ ನಿಮ್ಮ ಖರ್ಚು. ಈ ಸೀಸನ್ ಪುಸ್ತಕವಿಲ್ಲದೆ ನಡೆಸಿ ನೋಡಿ. ಆಮೇಲೂ ಹೊಸದು ಬೇಕೆನಿಸಿದರೆ, ಹಳೆಯ ಗಿರಾಕಿಗಳ ವಿವರವೆಲ್ಲ ಎಕ್ಸೆಲ್‌ನಲ್ಲಿ ಕೈಗೆ ಸಿಗುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಂಡು ಅಡ್ವಾನ್ಸ್ ಕೊಡಿ.