ನೋಟ್‌ಬುಕ್ ಖಾಲಿ ಇದೆ, ಮಗು ಕಲಿಯುತ್ತಿದೆಯಾ?

ಪ್ರಶ್ನೆ: ಮಗಳಿಗೆ ಐದೂವರೆ ವರ್ಷ. ಶಾಲೆಯಲ್ಲಿ ದಿನವಿಡೀ ಬ್ಲಾಕ್ಸ್ ಜೋಡಿಸುವುದು, ಮರಳಾಟ, ಅಂಗಡಿ ಆಟ, ಇಷ್ಟೇ. ಅದೇ ವಯಸ್ಸಿನ ನನ್ನ ಅಕ್ಕನ ಮಗ ಆಗಲೇ 100ರ ತನಕ ಬರೆಯುತ್ತಾನೆ. ಟೀಚರ್ ಕೇಳಿದರೆ "ಆಟದಲ್ಲೇ ಕಲೀತಾಳೆ ಬಿಡಿ" ಅಂತಾರೆ. ಶಾಲೆ ಬದಲಿಸಬೇಕಾ?

ಉತ್ತರ: ಈಗಲೇ ಬದಲಿಸಬೇಡಿ. ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. 6 ಗುಂಡಿಗಳನ್ನು ಸಾಲಾಗಿಡಿ, ಅದರ ಕೆಳಗೆ ಇನ್ನೂ 6 ಗುಂಡಿ ಸರಿಯಾಗಿ ಜೋಡಿಯಾಗುವಂತೆ ಇಡಿ. ಎರಡೂ ಸಮ ಎಂದು ಮಗು ಒಪ್ಪಿದ ಮೇಲೆ, ಅವಳ ಕಣ್ಣೆದುರೇ ಕೆಳಗಿನ ಸಾಲಿನ ಗುಂಡಿಗಳನ್ನು ದೂರ ದೂರ ಸರಿಸಿ, ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳಿ. ಈ ವಯಸ್ಸಿನ ಎಷ್ಟೋ ಮಕ್ಕಳು ಉದ್ದದ ಸಾಲನ್ನೇ ತೋರಿಸುತ್ತಾರೆ. ಸರಾಗವಾಗಿ ಎಣಿಸುವ ಮಕ್ಕಳೂ ತೋರಿಸುತ್ತಾರೆ! ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಮಕ್ಕಳ ಜೊತೆ ಮಾಡಿ ನೋಡಿದ ಪ್ರಯೋಗವಿದು. ಅಂಕಿ ಬರೆಯಲು ಬರುವುದು ಬೇರೆ, ಎಷ್ಟಿದೆ ಅಂತ ಅರ್ಥವಾಗುವುದು ಬೇರೆ. ವಸ್ತುಗಳನ್ನು ಕೈಯಲ್ಲಿ ಹಿಡಿದು ಜೋಡಿಸಿ, ಕೆಡವಿ, ಹಂಚಿ ಆಡುವಾಗ ಆ ಅರ್ಥ ನಿಧಾನವಾಗಿ ಬರುತ್ತದೆ.

ಬರವಣಿಗೆಗೂ ಅವಸರ ಬೇಡ. ಐದಾರು ವರ್ಷಕ್ಕೆ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಬೆರಳಿಗೆ ಹಿಡಿತವೂ ಸಾಲದು. ಜೇಡಿಮಣ್ಣು ನಾದುವುದು, ಮಣಿ ಪೋಣಿಸುವುದು, ಕತ್ತರಿಯಲ್ಲಿ ಕಾಗದ ಕತ್ತರಿಸುವುದು, ಇವೆಲ್ಲ ಪೆನ್ಸಿಲ್ ಹಿಡಿಯಲು ಕೈಯನ್ನು ತಯಾರು ಮಾಡುತ್ತವೆ. ಇದೇನು ಹೊಸ ಫ್ಯಾಷನ್ ಅಲ್ಲ. 1840ರಲ್ಲಿ ತನ್ನ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಜರ್ಮನಿಯ ಫ್ರೋಬೆಲ್ ಕೂಡ ಮಕ್ಕಳ ಕೈಗೆ ಕೊಟ್ಟಿದ್ದು ಚೆಂಡು, ಮರದ ತುಂಡುಗಳನ್ನೇ.

ಇನ್ನು ಅಂಗಡಿ ಆಟ. ಅಂಗಡಿಯವಳಾದ ಹುಡುಗಿ ತನ್ನ ಸರದಿ ಬರುವ ತನಕ ಕಾಯಬೇಕು, ಇಷ್ಟವಾದ ಸಾಮಾನನ್ನೂ ಬೇರೆಯವರಿಗೆ ಕೊಡಬೇಕು, ಮಾತಾಡಿ ಒಪ್ಪಿಸಬೇಕು. ಬೈದು ಕೂರಿಸಿದರೆ ಬಾರದ ತಾಳ್ಮೆ ಅಲ್ಲಿ ತಾನಾಗೇ ಬರುತ್ತದೆ, ಯಾಕೆಂದರೆ ಆಟ ಕೆಡುವುದು ಅವಳಿಗೇ ಬೇಡ.

ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಸುಮ್ನೆ ಆಡಲು ಬಿಟ್ಟರೆ ಓದು ಬರುವುದಿಲ್ಲ. ಅಕ್ಷರಕ್ಕೂ ಅದರ ಶಬ್ದಕ್ಕೂ ಇರುವ ನಂಟನ್ನು ಯಾರಾದರೂ ಕಲಿಸಲೇಬೇಕು. ಅದನ್ನು ಪ್ರಾಸದ ಹಾಡು, "ಕ ಇಂದ ಶುರುವಾಗುವ ವಸ್ತು ಹುಡುಕು" ಎಂಬಂಥ ಆಟಗಳಲ್ಲಿ ಕಲಿಸಬಹುದು, ಆದರೆ ಟೀಚರ್ ಅದಕ್ಕೆ ಮೊದಲೇ ಯೋಚಿಸಿ ಬಂದಿರಬೇಕು.

ಹಾಗಾಗಿ ನೋಟ್‌ಬುಕ್ ನೋಡುವ ಬದಲು, ಅನುಮತಿ ಕೇಳಿ ಅರ್ಧ ಗಂಟೆ ತರಗತಿಯಲ್ಲಿ ಕೂತು ನೋಡಿ. ಗೋಪುರ ಬಿದ್ದಾಗ ಟೀಚರ್ "ಯಾಕೆ ಬಿತ್ತು? ಕೆಳಗೆ ಯಾವುದು ಇಟ್ಟರೆ ನಿಲ್ಲುತ್ತೆ?" ಅಂತ ಕೇಳುತ್ತಾರಾ? ಯಾವ ಮಗು ಎಲ್ಲಿ ತಡವರಿಸುತ್ತಿದೆ ಅಂತ ಗುರುತು ಹಾಕಿಕೊಳ್ಳುತ್ತಾರಾ? ಹೌದಾದರೆ ಅಲ್ಲೇ ಬಿಡಿ. ಟೀಚರ್ ಮೂಲೆಯಲ್ಲಿ ಕೂತು ಮಕ್ಕಳು ತಮ್ಮ ಪಾಡಿಗೆ ಇದ್ದರೆ, ಈ ತಿಂಗಳು ನನ್ನ ಮಗಳಿಗೆ ಏನು ಕಲಿಸಬೇಕೆಂದಿದ್ದೀರಿ ಎಂದು ಕೇಳಿ. ಅದಕ್ಕೆ ಉತ್ತರ ಸಿಗದಿದ್ದರೆ ಆಗ ಬೇರೆ ಶಾಲೆ ಹುಡುಕಿ.