‘ಏನೂ ಆಗಲ್ಲ ಬಿಡಿ’ ಅಂದದ್ದು ತಪ್ಪಾ?

‘ನಾನು ಉಳೀತೀನಾ ಸಿಸ್ಟರ್?’ ಅಂದ ರೋಗಿಗೆ ‘ಏನೂ ಆಗಲ್ಲ ಬಿಡಿ’ ಅಂದಿರಿ, ಅವರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು, ತಪ್ಪೆಲ್ಲಿ ಅಂತ ಕೇಳಿದ್ದೀರಿ. ಅದು ಸುಳ್ಳು ಭರವಸೆ. ಅವರ ಮಾತು ಅಲ್ಲಿಗೇ ಮುಗಿಯಿತು ಅಲ್ವಾ? ಹೊಸದರಲ್ಲಿ ನಾನೂ ಹೀಗೇ ಹೇಳುತ್ತಿದ್ದೆ, ಅದೂ ಡ್ರಿಪ್ ಸರಿಮಾಡುತ್ತಾ, ಮುಖ ನೋಡದೆ.

ಸ್ಟೂಲ್ ಎಳೆದುಕೊಂಡು ಕೂತುಕೊಳ್ಳಿ. ‘ಯಾವುದು ಜಾಸ್ತಿ ಕಾಡ್ತಿದೆ?’ ಅಂತ ಕೇಳಿ, ಸುಮ್ನಿರಿ. ‘ಯಾಕೆ’ ಅಂತ ಶುರುಮಾಡಬೇಡಿ, ವಿಚಾರಣೆ ಥರ ಕೇಳಿಸುತ್ತದೆ. ಹತ್ತು ಸೆಕೆಂಡ್ ಮೌನವೂ ತುಂಬಾ ಉದ್ದ ಅನ್ನಿಸುತ್ತದೆ, ತಡೆದುಕೊಳ್ಳಿ. ಎಷ್ಟೋ ಸಲ ಭಯ ಸಾವಿನದ್ದಲ್ಲ, ನಾಳೆಯ ಸ್ಕ್ಯಾನ್‌ದೋ ಮನೆಯಲ್ಲಿರುವ ಮಗುವಿನದ್ದೋ ಆಗಿರುತ್ತದೆ. ಕಾಯಿಲೆ ಬಗ್ಗೆ ಊಹಿಸಿ ಹೇಳಬೇಡಿ, ಡಾಕ್ಟರ್‌ಗೆ ತಿಳಿಸ್ತೀನಿ ಅನ್ನಿ. ಮರೆಯದೆ ತಿಳಿಸಿ.

ಇವತ್ತೇ ಹೋಗಿ ‘ಆಗ ನಿಮ್ಮ ಮಾತು ಪೂರ್ತಿ ಕೇಳಲಿಲ್ಲ’ ಅನ್ನಿ. ತಡವೇನಾಗಿಲ್ಲ.